ಉಸಿರೆಳೆದುಕೊಳ್ಳದ ನಟ

ಮಗಳ ಪಾಲಿಟೆಕ್ನಿಕ್ ಪ್ರಾಜೆಕ್ಟಿಗೆ ವಿಷಯವಾಗಿ ಬಂದದ್ದು ಒಬ್ಬ ಅಮೆರಿಕನ್ ನಟ. ನಾಟಕಗಳಲ್ಲಿ ದೊಡ್ಡ ಹೆಸರು ಮಾಡಿ, ಆಮೇಲೆ ಮೂಕಿ ಚಿತ್ರಗಳಿಗೆ ಹೋದವನು. ಅವನ ಚಿತ್ರಗಳಲ್ಲಿ ಉಳಿದಿರುವುದು ನಾಲ್ಕೇ. ಕಡಲಾಚೆ ನಾವು ನೆಲೆಸಿರುವ ಚೋವಾ ಚು ಕಾಂಗ್‌ನ ನಮ್ಮ ಅಡುಗೆಮನೆಯಲ್ಲಿ ಆ ಶನಿವಾರ ಮಧ್ಯಾಹ್ನ ನಾನು ಬೀನ್ಸಿನ ನಾರು ತೆಗೆಯುತ್ತಿದ್ದೆ. ಅವಳು ಲ್ಯಾಪ್‌ಟಾಪ್ ತಂದು ಬೀನ್ಸಿನ ಪಕ್ಕದಲ್ಲೇ ಇಟ್ಟಳು.

"ಅಮ್ಮ, ನೀನು ತುಟಿ ನೋಡಿ ಮಾತು ಹೇಳ್ತೀಯಲ್ಲ, ಹೆಲ್ಪ್ ಮಾಡು. ನಡುನಡುವೆ ತೋರಿಸೋ ಮಾತಿನ ಕಾರ್ಡಲ್ಲಿ ಬರೋದೇ ಬೇರೆ, ಇವನು ಹೇಳೋದೇ ಬೇರೆ ಲಾ." ಇಲ್ಲಿನವರ 'ಲಾ' ಅವಳ ಮಾತಿಗೂ ಅಂಟಿತ್ತು.

ತುಟಿ ಓದುವುದು ಕಾನ್ವೆಂಟು ನನಗೆ ಕೊಟ್ಟ ವಿದ್ಯೆ, ಸಿಸ್ಟರುಗಳು ಕಲಿಸದೆ ಕಲಿತದ್ದು. ಸಂಜೆಯ ಓದಿನ ಹೊತ್ತಿನಲ್ಲಿ ಮಾತಾಡಿದರೆ ಮಂಡಿಯೂರಿಸುತ್ತಿದ್ದರು. ಆದ್ದರಿಂದ ಹುಡುಗಿಯರು ನಾವು ಆ ಸಾಲಿನಿಂದ ಈ ಸಾಲಿಗೆ ಬರಿಯ ತುಟಿಯಲ್ಲೇ ಹರಟುತ್ತಿದ್ದೆವು.

ನಟನ ಕಥೆಯನ್ನು ಮಗಳೇ ಓದಿ ಹೇಳಿದಳು. ಬಂದರಿನ ಊರಿನಲ್ಲಿ ಹಗ್ಗ ಹೊಸೆಯುವವನ ಮಗ. ಊರೂರು ತಿರುಗುವ ನಾಟಕ ಕಂಪನಿ ಸೇರಿದ. ಮೈಕಿಲ್ಲದ ಕಾಲ, ಅವನು ಪಿಸುಗುಟ್ಟಿದರೂ ಕೊನೆಯ ಬೆಂಚಿಗೆ ಕೇಳುತ್ತಿತ್ತಂತೆ. ಹೆಸರು ತುತ್ತತುದಿಗೆ ಏರಿದ್ದಾಗಲೇ ಇದ್ದಕ್ಕಿದ್ದಂತೆ ರಂಗ ಬಿಟ್ಟು ಸಿನಿಮಾಕ್ಕೆ ಹೋದ. ಅಂಥ ಧ್ವನಿಯಿದ್ದವನು ಧ್ವನಿಯೇ ಬೇಡದ ಕಡೆ ಏಕೆ ಹೋದನೆಂದು ಯಾರಿಗೂ ತಿಳಿಯಲಿಲ್ಲ. ಮಾತಿನ ಸಿನಿಮಾ ಬರುವ ಮೊದಲೇ ತೀರಿಕೊಂಡ.

ಮೊದಲ ಚಿತ್ರದಲ್ಲಿ ಪ್ರತಿ ಮಾತಿಗೂ ಮುಂಚೆ ಅವನ ಎದೆ ಏಳುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಯಾರಿಗೂ ಕೇಳದೆಂದು ಗೊತ್ತಿದ್ದೂ ಗಟ್ಟಿಯಾಗಿಯೇ ಮಾತಾಡುತ್ತಿದ್ದ. ಮೂರನೆಯದರಲ್ಲಿ ಕಾಲರು ಎತ್ತರವಾಗಿತ್ತು. ಎರಡು ಬೆರಳು ಮತ್ತೆ ಮತ್ತೆ ಎಡಗಡೆ, ದವಡೆಯ ಕೆಳಗೆ ಹೋಗುತ್ತಿದ್ದವು. ನಾಲ್ಕನೆಯದರಲ್ಲಿ ತುಟಿಗಳು ಎಂದಿನಂತೆ ಸ್ಪಷ್ಟ. ಎದೆ ಮಾತ್ರ ಅಲುಗುತ್ತಿರಲಿಲ್ಲ.

"ಇವನು ಮಾತಾಡ್ತಿಲ್ಲ ಕಣೇ. ಮಾತಾಡಿದ ಹಾಗೆ ಮಾಡ್ತಿದಾನೆ."

"ಸೈಲೆಂಟ್ ಫಿಲ್ಮ್ ಅಮ್ಮ! ಯಾರೂ ಮಾತಾಡಲ್ಲ."

"ಪಕ್ಕದಲ್ಲಿರೋಳನ್ನ ನೋಡು, ಹೇಗೆ ಉಸಿರೆಳ್ಕೊಳ್ತಾಳೆ. ಇವನಿಗೆ ಧ್ವನಿ ಹೋಗಿದೆ. ಹೋಗ್ತಿದೆ ಅಂತ ಗೊತ್ತಾಗಿಯೇ ಸಿನಿಮಾಕ್ಕೆ ಬಂದಿದಾನೆ."

ಹೇಳಿ ಮುಗಿಸುವಷ್ಟರಲ್ಲಿ ರೂಮಿನಿಂದ ನನ್ನ ಯಜಮಾನರ ಧ್ವನಿ ಕೇಳಿಸಿತು. ನಮ್ಮ ಕನ್ನಡದವರ ನಾಟಕದಲ್ಲಿ ಅವರದು ಮುದಿ ಪಾಳೇಗಾರನ ಪಾತ್ರ, ಸಂಭಾಷಣೆ ಗಟ್ಟಿಮಾಡುತ್ತಿದ್ದರು. ಗಂಟಲು ಒಡೆದು ಮೂರು ತಿಂಗಳಾಗಿತ್ತು. ಜ್ಯೇಷ್ಠಮಧು, ಮೆಣಸು, ಶುಂಠಿ ಕುದಿಸಿ ದಿನಾ ಎರಡು ಲೋಟ ಕೊಡುತ್ತಿದ್ದೆ. ಅವರ ಬೆರಳು ಆಗಾಗ ಕತ್ತಿಗೆ ಹೋಗುವುದನ್ನೂ ನೋಡಿದ್ದೆ. ಅವರು ಲಿಂಗ ಕಟ್ಟಿಕೊಂಡವರು, ಶಿವದಾರ ಮುಟ್ಟಿ ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ದಾರವಿರುವುದು ಎರಡೂ ಕಡೆ. ಬೆರಳು ಹೋಗುತ್ತಿದ್ದುದು ಎಡಕ್ಕೆ ಮಾತ್ರ.

ಬೀನ್ಸು ಅಲ್ಲೇ ಬಿಟ್ಟು ಎದ್ದುಹೋಗಿ ದಾರ ಸರಿಸಿ ಮುಟ್ಟಿದೆ. ಚರ್ಮದಡಿ ಕಡಲೆಕಾಳಿನಷ್ಟು ಗಂಟು, ಗಟ್ಟಿ.

"ಇದು ಯಾವಾಗಿಂದ ರೀ?"

"ಏನೂ ಇಲ್ಲ ಬಿಡು. ನಾಟಕ ಮುಗೀಲಿ, ತೋರಸೂಣು. ಮೂರು ವಾರದ ಮಾತು."

ಮರುದಿನ ರಿಹರ್ಸಲ್ಲು. ಒಬ್ಬರ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ ಎಲ್ಲರೂ ಸೇರಿದ್ದರು. ತಂಜಾಂಗ್ ಪಗಾರ್‌ನಲ್ಲಿ ಬ್ಯಾಂಕಿನ ಕೆಲಸ ಮಾಡುವ ನಮ್ಮ ನಿರ್ದೇಶಕರು ಚಪ್ಪಾಳೆ ತಟ್ಟಿದರು. "ಸೂಪರ್ ಸಾರ್! ಈ ಗಂಟಲು ಹೀಗೇ ಮೇಂಟೇನ್ ಮಾಡಿ. ಹೋದ ವರ್ಷ ನಿಮ್ಮದು ನ್ಯೂಸ್ ಓದೋ ಧ್ವನಿ. ಈಗ ನೋಡಿ, ಅಸಲಿ ಪಾಳೇಗಾರ! ಆಂಟಿ, ಕಷಾಯ ಕೊಟ್ಟು ಸರಿ ಮಾಡಿಬಿಡ್ಬೇಡಿ ಮತ್ತೆ."

ಎಲ್ಲರೂ ನಕ್ಕರು. ಮೂರು ತಿಂಗಳಿಂದ ಈ ಮಾತಿಗೆ ನಾನೂ ನಗುತ್ತಿದ್ದೆ. ನಾಲ್ಕು ಜನರ ಮುಂದೆ ಎದುರಾಡಿ ಅಭ್ಯಾಸವಿಲ್ಲದವಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಕೊನೆಗೆ ಹೇಳಿದೆ: "ಅದು ಪಾಳೇಗಾರನ ಧ್ವನಿಯಲ್ಲ. ಕತ್ತಲ್ಲಿ ಗಂಟಿದೆ. ನಾಳೆ ಡಾಕ್ಟರ ಹತ್ತಿರ ಹೋಗ್ತೀವಿ. ಬೇರೆಯವರನ್ನ ನೋಡ್ಕೊಳ್ಳಿ."

ನನ್ನವರು ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಮರದ ಕತ್ತಿಯನ್ನು ಕುರ್ಚಿಗೆ ಒರಗಿಸಿಟ್ಟರು, ಅದು ಜಾರಿತು, ಮತ್ತೆ ಒರಗಿಸಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತಿನ ಮಲ್ಲಿ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, "ಈ ಅನ್ನಿ ಅಂಕಲ್" ಎಂದರು. ಪರದೆಯ ಮೇಲೆ ಧ್ವನಿ ಹೊರಡಿಸುವ ಎರಡು ಬಿಳಿಯ ಪಟ್ಟಿಗಳು ಕಾಣಿಸಿದವು. ಬಲಗಡೆಯದು ಹತ್ತಿರ ಬಂತು. ಎಡಗಡೆಯದು ಇದ್ದಲ್ಲೇ ಇತ್ತು, ಅದರ ಮೇಲೇನೋ ಒರಟಾಗಿ ಬೆಳೆದಿತ್ತು. "ಇನ್ನೊಮ್ಮೆ." ಮತ್ತೆ ಹಾಗೆಯೇ. ಡಾಕ್ಟರು ಹರಟುವುದನ್ನು ನಿಲ್ಲಿಸಿದರು. ಎದ್ದು ಹೋಗಿ, ಅಷ್ಟು ಹೊತ್ತೂ ಅರ್ಧ ತೆರೆದಿದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದು ಕುಳಿತರು.

ಗುರುವಾರ ಗಂಟಲಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಗಂಟಲಿಗೆ ವಿಶ್ರಾಂತಿ, ಒಂದು ಮಾತೂ ಆಡಕೂಡದು.

ಮನೆಗೆ ಬಂದವರೇ ನನ್ನವರು ಊಟದ ಮೇಜಿನ ಮೇಲೆ ನಾಟಕದ ಹಾಳೆಗಳನ್ನು ಹರಡಿಕೊಂಡರು. ಪಾತ್ರ ಬೇರೆಯವರಿಗೆ ಹೋಗಿದೆಯೆಂದು ಅವರಿಗೆ ಗೊತ್ತು. ಆದರೂ ತುಟಿಗಳು ಅಲುಗುತ್ತಿದ್ದವು. ನಾನು ಓದಿದೆ. ಕೋಟೆಯ ಬಾಗಿಲು ತೆರೆಯಬೇಡಿರೆಂದು ಪಾಳೇಗಾರ ಹೇಳುವ ಕೊನೆಯ ಮಾತುಗಳು, ಒಂದಕ್ಷರವೂ ತಪ್ಪಿರಲಿಲ್ಲ. ರೂಮಿನಲ್ಲಿ ಮಗಳು ಆ ನಟನ ಚಿತ್ರ ಹಾಕಿದ್ದಳು, ಅದಕ್ಕೆ ಯಾರೋ ಆಮೇಲೆ ಸೇರಿಸಿದ ಪಿಯಾನೋ ಕೇಳಿಸುತ್ತಿತ್ತು.

ಅವರ ಎದೆ ಏಳುತ್ತಿದೆಯೇ ಎಂದು ನೋಡುತ್ತಾ ನಿಂತೆ.

ಅವರು ತಲೆಯೆತ್ತಿದರು. 'ಯಾಕ ಹಂಗ ನೋಡ್ತಿ?' ಎಂದವು ತುಟಿಗಳು.

'ಏನಿಲ್ಲ' ಎಂದೆ. ನನ್ನ ಬಾಯಿಂದಲೂ ಸದ್ದು ಹೊರಡಲಿಲ್ಲ.