ಕಸ್ತೂರೆವ್ವ ಹೆಸರು ಹೇಳದ ಗಿಡ

ನನ್ನ ನೆಗೆಣ್ಣಿ ಕಸ್ತೂರೆವ್ವ ಅಕ್ಕೋಳದ ಈ ಮನೆಗೆ ನನಗಿಂತ ಮೊದಲು ಸೊಸೆಯಾಗಿ ಬಂದವಳು. ತಂಬಾಕು ಯಾವಾಗ ಮುರಿಯಬೇಕು, ಕಬ್ಬಿಗೆ ಯಾವಾಗ ನೀರು ಬಿಡಬೇಕು, ಎಲ್ಲಕ್ಕೂ ಅವಳ ಮಾತೇ ಕೊನೆ. ಕೂತಲ್ಲಿ ಹತ್ತು ಮಂದಿಯನ್ನು ನಗಿಸುವಳು. ಎದೆಯಲ್ಲಿ ಗಂಟಾದದ್ದನ್ನು ಮಾತ್ರ ಯಾರಿಗೂ ಹೇಳದೆ ಸೆರಗಿನೊಳಗೇ ಇಟ್ಟುಕೊಂಡಳು. ನಮಗೆ ಗೊತ್ತಾಗುವ ಹೊತ್ತಿಗೆ ಅದು ಕಂಕುಳಿಗೂ ಹಬ್ಬಿತ್ತು.

ಅವಳ ಮಗ ಮಲ್ಲೇಶ ಗಡಿಯಾಚೆ ಮರಾಠಿ ಸೀಮೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಜೊತೆಗೆ ನಾನು. ಮೊದಲ ಸೂಜಿಗಳು ಚೆನ್ನಾಗಿಯೇ ಹಿಡಿದವು, ಗಂಟು ಮೆತ್ತಗಾಯಿತು. ಆಮೇಲೆ ಏನಾಯಿತೋ, ಹೋದಾಗಲೆಲ್ಲ ರಕ್ತ ನೋಡಿ ವಾಪಸ್ ಕಳಿಸತೊಡಗಿದರು. ಬಿಳಿ ಕಣ ಇಳಿದಿದ್ದಾವೆ, ಈಗ ಸೂಜಿ ಹಾಕಿದರೆ ಜೀವಕ್ಕೇ ಕುತ್ತು ಅಂದರು.

ಡಾಕ್ಟರಬಾಯಿ ಒಂದು ದಿನ ಕೇಳಿಯೇಬಿಟ್ಟರು. "ಮಾವಶಿ, ಮನ್ಯಾಗ ಬ್ಯಾರೆ ಏನರ ಔಷಧ ತೊಗೋತೀರೇನು? ಖರೆ ಹೇಳ್ರಿ."

"ಏನಿಲ್ರಿ ಬಾಯಿ. ರೊಟ್ಟಿ, ಪಲ್ಲೆ, ಮ್ಯಾಲ ಮಗನ ಬೈಗುಳ. ಅಷ್ಟ."

ನರ್ಸ್ ನಕ್ಕಳು. ಡಾಕ್ಟರಬಾಯಿ ನಗಲಿಲ್ಲ. "ಸೂಜಿ ನಿಂತ್ರ ಗಂಟು ನಿಲ್ಲೂದಿಲ್ರಿ, ಅದು ಬೆಳೀತೈತಿ."

ಮರುದಿನ ಬೆಳಿಗ್ಗೆ ದೇವರಿಗೆ ಹೂವು ತರಲು ಬಚ್ಚಲ ಹಿಂದೆ ಹೋದೆ. ಅಲ್ಲಿ ಕಸ್ತೂರೆವ್ವನೇ ಹಚ್ಚಿದ ಸದಾಫುಲಿ, ಅಂದರೆ ನಿತ್ಯಪುಷ್ಪದ ಸಾಲು. ಮಳೆ ಬಿಸಿಲು ಅನ್ನದೆ ಹೂವು ಬಿಡುವ ಗಿಡ, ಆಡು ಸಹ ಬಾಯಿ ಹಾಕುವುದಿಲ್ಲ. ಆವತ್ತು ನೋಡಿದರೆ ಬರೀ ಕಡ್ಡಿ ನಿಂತಿದ್ದವು. ಒಂದು ಎಲೆ ಇಲ್ಲ. ಡಾಕ್ಟರಬಾಯಿ ಕೇಳಿದ್ದು ನೆನಪಾಗಿ ಒಂದು ಕಡ್ಡಿ ಮುರಿದು ತಂದು ಕಸ್ತೂರೆವ್ವನ ಮುಂದೆ ಹಿಡಿದೆ.

"ಅಕ್ಕಾ, ಇದನ್ನ ನೀನ ತಿನ್ನಾಕತ್ತಿಯೇನ?"

ಅವಳು ಗಾಬರಿಯಾಗಿ ನನ್ನ ಬಾಯಿ ಮುಚ್ಚಿದಳು. ನಮ್ಮ ಜಿಲ್ಲೆಯದೇ ಅನಂತಪುರದ ಕಡೆ ಮಲಕಾರಿ ಅನ್ನುವವನು ಗಿಡಮೂಲಿಕೆ ಕೊಡುತ್ತಾನಂತೆ. ಎಲೆ ತೋರಿಸಿ, ಅರೆದು ನುಂಗು, ಹೆಸರು ಮಾತ್ರ ಬಾಯಿಗೆ ಬರಬಾರದು ಅಂದಿದ್ದನಂತೆ. ಹೇಳಿದರೆ ಗುಣ ಹೋಗುತ್ತದೆ. ಹೇಳಿದವರದಷ್ಟೇ ಅಲ್ಲ, ಅವನಲ್ಲಿಗೆ ಬರುವ ಎಲ್ಲರದೂ.

"ಭೋಜ ಊರಾಕಿ ಒಬ್ಬಾಕಿ ಹುಡುಗಿ ಅವನ ಕಡೆ ಬರ್ತಾಳ ಸುಂದ್ರಾ. ಆಕೀಗೂ ಎದಿಗಂಟು. ಕಂಕುಳಾಗ ಸಣ್ಣ ಕೂಸು. ನಾ ಬಾಯಿ ಬಿಟ್ಟು ಆಕೀದೂ ಕೆಡಸಲ್ಯಾ?"

ನಾನು ಕೇಳಿದೆ, "ಹೇಳಬ್ಯಾಡ ಅಂದಾನ ಖರೆ. ತೋರಸಬ್ಯಾಡ ಅಂದಾನೇನು?"

ಮುಂದಿನ ಸಲ ಆಸ್ಪತ್ರೆಯಲ್ಲಿ ಅವಳು ಚೀಲದಿಂದ ಒಂದು ಬಟ್ಟೆ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಚಿಗುರು ಕಡ್ಡಿ.

"ಅರೆ, ಸದಾಫುಲಿ!" ಅಂದರು ಡಾಕ್ಟರಬಾಯಿ.

ಕಸ್ತೂರೆವ್ವ ಎರಡೂ ಕಿವಿ ಮುಚ್ಚಿಕೊಂಡಳು. "ನೀವ ಅಂದ್ರಿ. ನಾ ಅಂದಿಲ್ಲ."

ಡಾಕ್ಟರಬಾಯಿ ಕುರ್ಚಿ ಹತ್ತಿರ ಎಳೆದುಕೊಂಡರು. "ಮಾವಶಿ, ನಿಮಗ ಹಾಕೋ ಸೂಜಿ ಔಷಧಕ್ಕೂ ಇದ ಗಿಡ ಮೂಲ. ಇದರಾಗಿನ ಒಂದಂಶ ತಗದು, ಹದ ಮಾಡಿ, ಹನಿ ಹನಿ ಅಳದು ಕೊಡ್ತೀವಿ. ನೀವು ಮುಷ್ಟಿಗಟ್ಟಲೆ ತಿಂದೀರಿ. ಅದರ ಮ್ಯಾಲ ಸೂಜಿ. ರಕ್ತ ಹೆಂಗ ತಡದೀತು?"

"ಅಂದ್ರ ಮಲಕಾರಿ ಸುಳ್ಳ ಹೇಳಿಲ್ಲ."

"ಸುಳ್ಳಲ್ರಿ. ಅಳತಿ ಗೊತ್ತಿಲ್ಲ ಅವಗ. ಇಂಥಾದ್ದು ಜೀವಾ ತಗೀತೈತಿ."

ಅವಳು ಎಲೆ ಬಿಟ್ಟಳು. ಬಚ್ಚಲ ಹಿಂದೆ ಚಿಗುರು ಬಂತು, ರಕ್ತದಲ್ಲಿ ಬಿಳಿ ಕಣವೂ ಏರಿದವು. ಆದರೆ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲೂ ಕಲೆ ಕಂಡವು. ಮುಂದೆ ಮಾಡಬೇಕೆಂದಿದ್ದ ಆಪರೇಷನ್ನಿನ ಮಾತೇ ನಿಂತುಹೋಯಿತು. ಬೇರೆ ಔಷಧ ಹಾಕುತ್ತೇವೆ, ಎಷ್ಟು ಹಿಡಿಯುತ್ತದೋ ನೋಡೋಣ ಅಂದರು. ಮಲ್ಲೇಶ ಗೋಡೆಗೆ ಮುಖ ತಿರುಗಿಸಿ ನಿಂತ.

ಬಾಟಲಿ ಹಚ್ಚುವಾಗ ಕಸ್ತೂರೆವ್ವ ಕೇಳಿದಳು, "ಇದೂ ಗಿಡದ್ದೇನ್ರಿ?"

"ಹೌದ್ರಿ. ತಂಪು ಗುಡ್ಡದಾಗಿನ ಒಂದು ಮರದ್ದು. ನಿಮ್ಮ ಕಡೆ ಬೆಳ್ಯಾಂಗಿಲ್ಲ."

"ಛಲೋ ಆತು ಬಿಡ್ರಿ. ಬೆಳದಿದ್ರ ಅದರ ತೊಗಟೀನೂ ಕಡಕೊಂಡು ತಿಂತಿದ್ನಿ." ಅಂದು ನಕ್ಕಳು.

ಸಂಜೆ ಗಾಡಿಯಲ್ಲಿ ವಾಂತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿಪ್ಪಾಣಿ ಹತ್ತಿರ ಬರುತ್ತಿದ್ದಂತೆ ಮಗನ ಹೆಗಲು ತಟ್ಟಿದಳು.

"ಗಾಡಿ ಭೋಜದ ಕಡೆ ಹೊಳ್ಳಸೋ."

"ಇಂಥಾ ಹೊತ್ತಿನ್ಯಾಗ ಯಾರ ಮನೀಗೆ ಬೇ?"

"ಹೆಸರು ಗೊತ್ತಿಲ್ಲ. ಸಣ್ಣ ಕೂಸಿರೋ ಮನಿ, ಕೇಳಿದ್ರ ತೋರಸ್ತಾರ." ಉಸಿರು ಹಿಡಿದು, ಮತ್ತೆ ಅಂದಳು, "ಸದಾಫುಲಿ ತಿನ್ನಬ್ಯಾಡ ಅಂತ ಆಕೀಗೆ ನಾನ ಹೇಳಬೇಕು."

ಮಲ್ಲೇಶ ಗಾಡಿ ತಿರುಗಿಸಿದ. ಅವಳು ಚೀಲದೊಳಗೆ ಮುಖ ಇಟ್ಟಳು. ನಾನು ಬೆನ್ನು ನೀವುತ್ತ ಕೂತೆ.