ಸುಣ್ಣದ ಗೆರೆಯ ಮೇಲೆ ಎಂಬತ್ತು ಕುರಿ

ಬಸ್ಸು ತಪ್ಪಬಹುದು. ಪ್ರವೇಶಪತ್ರ ಕಿಟಕಿಯಿಂದ ಹಾರಿಹೋಗಬಹುದು. ಹುಕ್ಕೇರಿಯಲ್ಲಿ ಇಳಿಯುವಷ್ಟರಲ್ಲಿ ವಾಂತಿಯಾಗಬಹುದು. ಯಾರದೋ ಕೋಣೆಯಲ್ಲಿ ಕೂತು, ಅರ್ಧ ಬರೆದ ಮೇಲೆ ಅದು ಗೊತ್ತಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಶೇಕಡಾ ಲೆಕ್ಕ ಬರಬಹುದು... ಏಳನೇ ಇಯತ್ತೆಯ ಪರೀಕ್ಷೆಗೆ ಮೊದಲು ನಾನು ಇಷ್ಟಕ್ಕೆಲ್ಲ ಹೆದರಿದ್ದೆ. ಮೊನ್ನೆ ಗೋಕಾಕದ ಮೈದಾನದಲ್ಲಿ ಓಟದ ಸ್ಪರ್ಧೆಗೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಆ ವಾಸನೆ ನಡುವಯಸ್ಸಿನ ನನ್ನನ್ನು ಮತ್ತೆ ಆ ಪರೀಕ್ಷೆಗೆ ಎಳೆದೊಯ್ದಿತು. ಹಿಂದೆಯೇ ಲೆಕ್ಕ ಕಲಿಸಿದ ನಮ್ಮ ಅಕ್ಕೋರು ನೆನಪಾದರು.

ಘೋಡಗೇರಿಯ ನಮ್ಮ ಶಾಲೆಯ ಅಂಗಳದಲ್ಲಿ ಅವರೂ ಹೀಗೆಯೇ ಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆಯ ಮೇಲ್ಬದಿಗೆ ಸೊನ್ನೆಯಿಂದ ನೂರರವರೆಗೆ ಶೇಕಡಾ, ಕೆಳಬದಿಗೆ ಕುರಿಗಳ ಸಂಖ್ಯೆ. ನಮ್ಮದು ಕುರಿ ಸಾಕುವವರ ಓಣಿ. ಬೇರೆ ಉದಾಹರಣೆ ನಮ್ಮ ತಲೆಗೆ ಇಳಿಯುತ್ತಿರಲಿಲ್ಲ. ಒಂದು ದಿನ ಅಕ್ಕೋರು ನನ್ನನ್ನು ಕರೆದರು.

“ಎಂಬತ್ತು ಕುರಿ ಅದಾವು. ಶೇಕಡಾ ಎಪ್ಪತ್ತೈದರ ಉಣ್ಣೆ ಕತ್ತರಿಸ್ಯಾರ. ಎಷ್ಟು ಕುರಿ ಆದ್ವು? ಹೋಗಿ ನಿಲ್ಲವಾ.”

ನಾನು ಸರಿಯಾಗಿ ಎಪ್ಪತ್ತೈದರ ಮೇಲೆ ನಿಂತು, “ಎಪ್ಪತ್ತೈದು ಕುರಿರೀ” ಎಂದೆ.

“ಹೌದಾ? ಹಂಗಾರ ಹದಿನೈದು ಕುರಿ ಉಣ್ಣೆ ನಿಮ್ಮಪ್ಪಗ ಪುಕ್ಕಟೆ ಬಂತು ನೋಡು.”

ಎಲ್ಲರೂ ನಕ್ಕರು. ಅಕ್ಕೋರು ನನ್ನ ಭುಜ ಹಿಡಿದು ನಡುವಿಗೆ ನಡೆಸಿದರು. “ಇದು ಅರ್ಧ. ಕಾಲ ಕೆಳಗ ನೋಡು, ನಲವತ್ತು. ಉಳಿದಿದ್ದರ ಅರ್ಧಕ್ಕ ಈಗ ನೀನಽ ನಡಿ.” ನಡೆದೆ. ಕೆಳಗೆ ಅರವತ್ತು ಇತ್ತು.

ಮನೆಯಲ್ಲಿ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: “ನಪಾಸಾದ್ರ ಸಾಲಿ ಸಾಕು. ಕುರಿ ಹಿಂದ ನಡಿ.”

ಹುಕ್ಕೇರಿಯಲ್ಲಿ ವಾಂತಿಯಾಗಲಿಲ್ಲ. ಕೋಣೆಯೂ ನನ್ನದೇ. ಶೇಕಡಾ ಲೆಕ್ಕ ಮಾತ್ರ ಬಂದಿತ್ತು. ತಲೆ ಖಾಲಿಯಾಯಿತು. ನಡೆಯದೆ ಆ ಲೆಕ್ಕ ಮಾಡಿ ನನಗೆ ರೂಢಿಯೇ ಇರಲಿಲ್ಲ. ಬೆಂಚಿನ ಕೆಳಗಿನ ಧೂಳಿನಲ್ಲಿ ಹೆಬ್ಬೆರಳಿನಿಂದ ಗೆರೆ ಎಳೆದು, ಅದರ ಮೇಲೆ ಹಿಮ್ಮಡಿ ಸರಿಸತೊಡಗಿದೆ.

“ಏನವಾ, ಕಾಲಾಗ ಏನ್ ನಡಸೀ?” ಕಾವಲಿಗಿದ್ದ ಮಾಸ್ತರರು ಬಗ್ಗಿ ನೋಡಿದರು.

“ಲೆಕ್ಕಾರೀ ಸರ.”

ಅವರಿಗೆ ಏನು ತಿಳಿಯಿತೋ... ಮುಂದಿನ ಬೆಂಚಿಗೆ ಹೋದರು.

ಪಾಸಾದೆ. ಅಪ್ಪ ಎಂಟನೇ ಇಯತ್ತೆಗೆ ಹೆಸರು ಹಚ್ಚಿಸಿದ. ಫೇಡೆ ಹಿಡಿದುಕೊಂಡು ಶಾಲೆಗೆ ಓಡಿದರೆ, ಅಕ್ಕೋರಿಗೆ ಬೇಸಿಗೆ ರಜೆಯಲ್ಲೇ ಮೂಡಲಗಿ ಕಡೆಗೆ ವರ್ಗವಾಗಿತ್ತು. ಮುಂದೆ ಎಲ್ಲೂ ಸಿಗಲಿಲ್ಲ. ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಹಳೆಯ ಗೆಳತಿಯೊಬ್ಬಳಿಂದ ತಿಳಿಯಿತು.

ಅಷ್ಟೆಲ್ಲ ಹೆದರಿದ್ದೆನಲ್ಲ, ಇದೊಂದು ಹೊಳೆದಿರಲೇ ಇಲ್ಲ. ನಾನು ಪಾಸಾದದ್ದು ಅಕ್ಕೋರಿಗೆ ಗೊತ್ತಾಗಲಿಲ್ಲ.