ತಲಿಗೆ ಏನರ ಹಚ್ಚೀರೇನ್ರಿ?

ಆ ವಾಸನೆ ನಿಮಗೂ ಗೊತ್ತಿರಬಹುದು. ಕೊಳೆತ ಮೊಟ್ಟೆಯ ಮೇಲೆ ಯಾರೋ ಗುಲಾಬಿ ಅತ್ತರು ಚಿಮುಕಿಸಿದ ಹಾಗಿರುತ್ತದೆ. ಮೊನ್ನೆ ಕೊಪ್ಪಳದ ಪಾರ್ಲರ್ ಒಂದರ ಗಾಜಿನ ಬಾಗಿಲು ತೆಗೆದ ಕೂಡಲೇ ಅದು ಮೂಗಿಗೆ ಬಡಿಯಿತು. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಮಗಳು ಪಲ್ಲವಿ ಮಾತ್ರ ಹೋಳಿಗೆ ಊಟಕ್ಕೆ ಹೊರಟವಳ ಹಾಗೆ ಸರಸರ ಒಳಗೆ ಹೋಗಿ ಕುರ್ಚಿ ಹಿಡಿದಳು. ಪಿಯುಸಿ ಪಾಸಾದರೆ ಗುಂಗುರು ಕೂದಲನ್ನು ನೇರ ಮಾಡಿಸುತ್ತೇನೆ ಎಂದು ಮಾತು ಕೊಟ್ಟವಳು ನಾನೇ. ಆಗ ಪರೀಕ್ಷೆ ದೂರ ಇತ್ತು, ಮಾತು ಕೊಡುವುದು ಸಲೀಸಾಗಿತ್ತು.

ಪಾರ್ಲರಿನ ಹುಡುಗಿ ಅವಳ ಕೂದಲಲ್ಲಿ ಕೈಯಾಡಿಸಿ ಕನ್ನಡಿಯೊಳಗಿಂದಲೇ ಕೇಳಿದಳು. "ತಲಿಗೆ ಏನರ ಹಚ್ಚೀರೇನ್ರಿ? ಕಲರ್, ಕಾಳಿ ಮೆಹಂದಿ?"

"ಇಲ್ರಿ" ಅಂದಳು ಪಲ್ಲವಿ. ಅಂದವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

ಹಚ್ಚಿದ್ದಳು. ನನ್ನ ಹಣೆಯಂಚಿನ ಬಿಳಿ ಕೂದಲನ್ನು ಕಪ್ಪು ಮಾಡಲೆಂದು ತಂದಿಟ್ಟಿದ್ದ ಕಾಳಿ ಮೆಹಂದಿಯ ಪೊಟ್ಟಣವನ್ನು ಹೋದ ತಿಂಗಳು ನಾನು ಶಾಲೆಗೆ ಹೋದಾಗ ಬಿಚ್ಚಿ, ಹೊಳಪು ಬರಲಿ ಎಂದು ತಲೆಗೆ ಬಳಿದುಕೊಂಡಿದ್ದಳು. ಅವಳ ಕಿವಿಯ ಹಿಂದಿನ ಕಪ್ಪು ಕಲೆಯನ್ನು ನಾನು ನೋಡಿದ್ದೆ, ನಾನು ನೋಡಿದ್ದು ಅವಳಿಗೂ ಗೊತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಹುಬ್ಬು ತೀಡಿಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ನಮ್ಮ ಕಡೆ ಕಿವಿ ಕೊಟ್ಟಿದ್ದಳು. ಹುಡುಗಿ ಕೂದಲು ನೇರ ಮಾಡುವ, ಆ ವಾಸನೆಯ ಕ್ರೀಮಿನ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದಳು. ಮುಚ್ಚಳ ಬಿಗಿಯಾಗಿತ್ತು. ಅದು ಬಿಚ್ಚಿಕೊಳ್ಳುವಷ್ಟರಲ್ಲಿ ನನಗೆ ನೆನಪಾದದ್ದನ್ನೆಲ್ಲ ನಿಮಗೆ ಹೇಳಿಬಿಡುತ್ತೇನೆ.

ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ತಂಗಿ ರೇಖಾಳನ್ನು ನೋಡಲು ಇರಕಲ್ಲಗಡದಿಂದ ಬಂದಿದ್ದರು. ನಮ್ಮ ತವರು ತಾವರಗೇರಾ. ಅಪ್ಪ ಇರಲಿಲ್ಲ, ಹೀಗಾಗಿ ಎಲ್ಲದಕ್ಕೂ ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನೋ ಹೊಸದಾಗಿ ನೌಕರಿ ಸೇರಿದ ಟೀಚರು, ನನಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಹುಡುಗನ ತಾಯಿ ಚಹಾ ಕುಡಿದು ಎದ್ದು ಹೋಗುವಾಗ, "ಹುಡುಗಿ ಛಲೋ ಅದಾಳ. ಕೂದಲಾ ಒಂಚೂರು ಗುಂಗುರು ಅದಾವ, ಅಲ್ಲಾ?" ಅಂದರು. ಸುಮ್ಮನೆ ಬಾಯಿಗೆ ಬಂದ ಮಾತು ಅದು. ಅವರು ಬಸ್ಸು ಹತ್ತುವ ಮೊದಲೇ ಮರೆತಿರಬೇಕು. ನಾನು ಮರೆಯಲಿಲ್ಲ.

ಅದರ ಜೊತೆಗೆ ನಮ್ಮ ಮನೆಯಲ್ಲಿ ಒಂದು ಗುಟ್ಟಿತ್ತು. ರೇಖಾಳಿಗೆ ಇಪ್ಪತ್ತು ತುಂಬುವ ಮೊದಲೇ ತಲೆಯಲ್ಲಿ ಬಿಳಿ ಕಾಣಿಸಿತ್ತು. ಅವ್ವನ ಕಡೆಯವರಿಗೆಲ್ಲ ಹಾಗೇ. ತಿಂಗಳಿಗೊಮ್ಮೆ ಬಚ್ಚಲಿನ ಬಾಗಿಲು ಹಾಕಿ, ಹೆಗಲಿಗೆ ಪೇಪರು ಹೊದಿಸಿ, ಅವ್ವನೇ ಅವಳಿಗೆ ಕಾಳಿ ಮೆಹಂದಿ ಹಚ್ಚುತ್ತಿದ್ದಳು. ಆಮೇಲೆ ಬಚ್ಚಲಿನ ಕಲ್ಲನ್ನು ಕಪ್ಪು ಹೋಗುವ ತನಕ ತಿಕ್ಕುತ್ತಿದ್ದಳು. ನನ್ನ ಗಂಡನಿಗೂ ಇದು ಗೊತ್ತಿರಲಿಲ್ಲ.

ನಿಶ್ಚಯಕ್ಕೆ ಎರಡು ದಿನ ಇರುವಾಗ ಅವಳನ್ನು ಗಂಗಾವತಿಗೆ ಕರೆದುಕೊಂಡು ಹೋದೆ. ಕೊಪ್ಪಳದಲ್ಲಾದರೆ ಯಾರಾದರೂ ನೋಡುತ್ತಾರೆ ಎಂಬ ಬುದ್ಧಿವಂತಿಕೆ ನನ್ನದು. ಅಲ್ಲಿನ ಪಾರ್ಲರಿನ ಶಮೀಮಾ ಅಷ್ಟೇನೂ ವಯಸ್ಸಾದವಳಲ್ಲ, ಆದರೆ ಕೆಲಸದಲ್ಲಿ ಗಟ್ಟಿ. ರೇಖಾಳನ್ನು ಕೂಡಿಸಿ, ಮೈಗೆ ಬಟ್ಟೆ ಹೊದಿಸಿ, ಮೊದಲು ಕೇಳಿದ್ದೇ ಇದು. "ತಲಿಗೆ ಏನರ ಹಚ್ಚೀರೇನ್ರಿ? ಖರೆ ಹೇಳ್ರಿ ಮತ್ತ."

ರೇಖಾ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಕುರ್ಚಿಯವಳು ತನ್ನ ಜೊತೆಗಾರ್ತಿಗೆ, "ನಮ್ಮ ಇರಕಲ್ಲಗಡದಾಗ ಇಂಥಾ ಪಾರ್ಲರ್ ಎಲ್ಲಿ ಅದಾವ?" ಅಂದದ್ದು ಕಿವಿಗೆ ಬಿತ್ತು. ಬೀಗರ ಊರಿನವಳು! ತಂಗಿಗಿಂತ ಮೊದಲು ನಾನೇ ಅಂದೆ. "ಇಲ್ರಿ. ಏನೂ ಹಚ್ಚಿಲ್ಲ."

ಕ್ರೀಮು ಹಚ್ಚಿ ಸ್ವಲ್ಪ ಹೊತ್ತಾಗಿತ್ತು. "ಅಕ್ಕಾ, ಬಿಸಿ ಆಗಾಕತ್ತೈತಿ" ಅಂದಳು ರೇಖಾ. ಶಮೀಮಾ ಓಡಿ ಬಂದು ಮುಟ್ಟಿ ನೋಡಿದಳು. ನನ್ನ ಕಡೆ ತಿರುಗಿ ಇನ್ನೊಮ್ಮೆ ಕೇಳಿದಳು. "ಮೇಡಂ, ಖರೇನ ಏನೂ ಹಚ್ಚಿಲ್ಲೇನ್ರಿ?" ಇರಕಲ್ಲಗಡದವಳು ಇನ್ನೂ ಅಲ್ಲೇ ಇದ್ದಳು. ನಾನು ಎರಡನೆಯ ಸಲವೂ ಇಲ್ಲ ಅಂದೆ. ಮೊದಲನೆಯದನ್ನು ಗಾಬರಿ ಎನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಇವತ್ತಿಗೂ ಹೆಸರಿಲ್ಲ. ಶಮೀಮಾ ಗಡಬಡಿಸಿ ತಲೆ ತೊಳೆದಳು, ಮೂರು ದಿನ ನೀರು ತಾಗಿಸಬೇಡಿ ಅಂದಳು.

ನಿಶ್ಚಯದ ದಿನ ಕೂದಲು ರೇಷ್ಮೆ ಸೆರಗಿನ ಹಾಗೆ ಬೆನ್ನ ಮೇಲೆ ಬಿದ್ದಿತ್ತು. ಅತ್ತೆಯಾಗುವವರು ಹೂ ಮುಡಿಸಿದರು. ನಾನು ಬೀಗಿದ್ದೇ ಬೀಗಿದ್ದು. ನಾಲ್ಕನೆಯ ದಿನ ಅವ್ವ ತಲೆಗೆ ನೀರು ಹಾಕಿದಾಗ ಒಂದು ಹಿಡಿ ಕೂದಲು ಅವಳ ಕೈಗೇ ಬಂತು. ಬೇರು ಸಮೇತ ಉದುರಿದ್ದಲ್ಲ, ನಡುವೆಯೇ ತುಂಡಾದದ್ದು. ಅವ್ವ ಕೂಗಲಿಲ್ಲ. ಅದನ್ನು ಬಚ್ಚಲಿನ ಗೂಡಿನಲ್ಲಿಟ್ಟು, "ಇದೇನಿದು?" ಎಂದು ಕೊಪ್ಪಳದಲ್ಲಿದ್ದ ನನಗೆ ಫೋನು ಮಾಡಿದಳು.

ಮದುವೆ ದೀಪಾವಳಿ ಆದ ಮೇಲೆ ಇತ್ತು. ನಮ್ಮ ಕಡೆಯ ಸುರಗಿ ನೀವು ನೋಡಿರಬಹುದು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ, ಎಣ್ಣೆ ಅರಿಷಿಣ ಹಚ್ಚಿ ಎರಡೂ ಕಡೆಯವರು ನೀರು ಹಾಕುತ್ತಾರೆ. ಅಲ್ಲಿ ಪಿನ್ನು, ಕ್ಲಿಪ್ಪು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಇದ್ದ ತಲೆ ಇದ್ದ ಹಾಗೆ ಎಲ್ಲರಿಗೂ ಕಾಣುತ್ತದೆ. ರೇಖಾ ಹಗಲೂ ರಾತ್ರಿ ಅದನ್ನೇ ನೆನೆಯುತ್ತಿದ್ದಳು. ಕನ್ನಡಿಗೆ ಟವೆಲ್ಲು ಹಾಕಿದಳು. ಹುಡುಗ ಫೋನು ಮಾಡಿದರೆ ನಿದ್ದೆ ಬಂದಿದೆ ಎಂದು ಇಟ್ಟುಬಿಡುತ್ತಿದ್ದಳು.

ನಾವು ಮಾಡದ ಉಪಚಾರ ಇಲ್ಲ. ಮೆಂತ್ಯ ಅರೆದು ಹಚ್ಚಿದೆವು, ಮೊಸರು ಹಚ್ಚಿದೆವು, ಲೋಳಸರ ಸುಲಿದು ತಿಕ್ಕಿದೆವು. ಯಾರೋ ಮೊಟ್ಟೆ ಅಂದರು. ನಮ್ಮದು ಮೊಟ್ಟೆಯ ಹೆಸರು ಎತ್ತದ ಮನೆ. ಆದರೂ ಅವ್ವನೇ ಸೆರಗಿನಲ್ಲಿ ಮುಚ್ಚಿ ತಂದು, ಮಾಳಿಗೆಯ ಮೇಲೆ ಮಗಳ ತಲೆಗೆ ಒಡೆದು, ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಪಕ್ಕದವರ ತಿಪ್ಪೆಗೆ ಎಸೆದಳು. ತಾವರಗೇರಾದ ಸವಳು ನೀರಿನಲ್ಲಿ ಸೋಪು ನೊರೆಯನ್ನೇ ಕೊಡುವುದಿಲ್ಲ, ಕೂದಲು ಇನ್ನಷ್ಟು ಬಿರುಸಾಗುತ್ತದೆಂದು ನವಲಿಯ ನೆಂಟರು ಕಾಲುವೆ ನೀರನ್ನು ಕ್ಯಾನಿನಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸಿದರು. ಕೂದಲು ಮುರಿಯುವುದು ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ತಲೆದಿಂಬಿನ ಮೇಲೆ ಚೂರುಗಳು ಬಿದ್ದಿರುತ್ತಿದ್ದವು, ಅವ್ವ ರೇಖಾ ಏಳುವ ಮೊದಲೇ ಅವನ್ನು ಒರೆಸಿ ತೆಗೆಯುತ್ತಿದ್ದಳು.

ಕೊನೆಗೆ ದಾರಿ ಸಿಕ್ಕಿದ್ದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ. ಅಲ್ಲಿ ಮನೆಮನೆಯಲ್ಲೂ ಕೂದಲಿನ ಕೆಲಸ. ಊರೂರಿಂದ ಬಂದ ಉದುರು ಕೂದಲನ್ನು ಬಿಡಿಸಿ, ಮೊಳೆ ಹೊಡೆದ ಹಲಗೆಯಲ್ಲಿ ಎಳೆದು, ಉದ್ದ ನೋಡಿ ಬೇರೆ ಬೇರೆ ಕಟ್ಟುತ್ತಾರೆ. ನಮ್ಮ ಶಾಲೆಯ ಅಡುಗೆಯವಳ ಅಕ್ಕ ಹನುಮವ್ವ ಇದೇ ಕೆಲಸದಲ್ಲಿ ಮುಪ್ಪಾದವಳು. ರೇಖಾ ತಲೆಯ ಮೇಲಿನ ಸೆರಗು ತೆಗೆದಾಗ ಹನುಮವ್ವ ಅಯ್ಯೋ ಎನ್ನಲಿಲ್ಲ. ಒಂದು ಎಳೆ ತೆಗೆದು ನೀರಲ್ಲಿ ಅದ್ದಿ ಎರಡೂ ಕೈಯಲ್ಲಿ ಎಳೆದಳು. ಎಳೆ ಅಂಟಿನ ಹಾಗೆ ಉದ್ದವಾಯಿತು, ವಾಪಸು ಬರಲಿಲ್ಲ, ತುಂಡಾಯಿತು. ಬೇರಿನ ಹತ್ತಿರ ಹೊಸದಾಗಿ ಹುಟ್ಟಿದ್ದ ಒಂದು ಗುಂಗುರು ಎಳೆಯನ್ನು ಹಾಗೇ ಎಳೆದಳು. ಅದು ಜಗ್ಗಿ ಮತ್ತೆ ಸುರುಳಿಯಾಯಿತು.

"ನೋಡವಾ, ಇದಕ್ಕ ಜೀವ ಐತಿ. ಅದು ಬೆಂದು ಹೋಗೈತಿ. ಬೆಂದದ್ದಕ್ಕ ಏನ್ ಹಚ್ಚಿದ್ರೂ ಉಪಯೋಗಿಲ್ಲ, ಕತ್ತರಿ ಹಾಕಬೇಕು" ಅಂದಳು. ಆಮೇಲೆ ಎಳೆಯನ್ನು ಬೆಳಕಿಗೆ ಹಿಡಿದು, "ಕಾಳಿ ಮೆಹಂದಿ ಮ್ಯಾಲ ಆ ಕ್ರೀಮ್ ಹಚ್ಚ್ಯಾರ. ಅವ್ರು ಕೇಳಿಲ್ಲೇನು?" ಅಂದಳು. ರೇಖಾ ನೆಲ ನೋಡಿದಳು. ನಾನು ಹೊರಗೆ ಯಾರೋ ಕರೆದರೆಂದು ಎದ್ದು ಹೋದೆ. ಯಾರೂ ಕರೆದಿರಲಿಲ್ಲ.

"ಮದಿವಿ ಹುಡುಗಿ ತಲಿಗೆ ಕತ್ತರಿ ಮುಟ್ಟಸ್ತೀರೇನು?" ಎಂದು ಅವ್ವ ಎರಡು ವಾರ ಊಟ ಸರಿಯಾಗಿ ಮಾಡಲಿಲ್ಲ. ಕಡೆಗೊಂದು ಮಧ್ಯಾಹ್ನ ರೇಖಾ ತಾನೇ ಭಾಗ್ಯನಗರಕ್ಕೆ ಹೋಗಿ ಕಿವಿಯ ಕೆಳಗೆ ಕತ್ತರಿಸಿಕೊಂಡು ಬಂದಳು. ಹನುಮವ್ವ ಹೇಳಿಕೊಟ್ಟದ್ದು ಇಷ್ಟೇ. ವಾರಕ್ಕೊಮ್ಮೆ ಸಿಹಿನೀರು, ಬಿಸಿ ಬೇಡ. ತೊಳೆಯುವ ಮೊದಲು ಕೊಬ್ಬರಿ ಎಣ್ಣೆ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಬೇಕು. ಬಣ್ಣ ಯಾವುದೂ ಕೂಡದು. ಅಂದರೆ ಹೊಸ ಕೂದಲು ಗುಂಗುರಾಗಿ, ನಡುನಡುವೆ ಬಿಳಿಯಾಗಿ, ಇದ್ದ ಹಾಗೆಯೇ ಬರಬೇಕು.

ನಾಗರಪಂಚಮಿಗೆ ಇರಕಲ್ಲಗಡದ ಬೀಗತಿ ಉಂಡಿ, ಸೀರೆ ತೆಗೆದುಕೊಂಡು ಹೇಳದೆ ಕೇಳದೆ ಬಂದುಬಿಟ್ಟರು. ಅವ್ವ ಒಳಗೆ ಓಡಿ ರೇಖಾಳ ಮೋಟು ಕೂದಲಿಗೆ ಚೌರಿಯ ಜಡೆ ಸಿಕ್ಕಿಸಿ, ಪಿನ್ನಿನ ಮೇಲೆ ಪಿನ್ನು ಚುಚ್ಚಿ ಕರೆದುಕೊಂಡು ಬಂದಳು. ರೇಖಾ ತಲೆ ಅಲ್ಲಾಡಿಸದೆ, ಕೊಡ ಹೊತ್ತವಳ ಹಾಗೆ ನಡೆದು ಬಂದು ಕುಳಿತಳು. ಬೀಗತಿ ಉಡಿ ತುಂಬಿದರು, ಕುಂಕುಮ ಇಟ್ಟರು, ಮಲ್ಲಿಗೆ ದಂಡೆ ತೆಗೆದುಕೊಂಡು ಹಿಂದೆ ನಿಂತರು.  ದಂಡೆ ಸಿಕ್ಕಿಸಲು ಅವರು ಜಡೆಯನ್ನು ಸ್ವಲ್ಪ ಎತ್ತಿದರು ಅಷ್ಟೇ. ಇಡೀ ಜಡೆ ಅವರ ಕೈಗೆ ಬಂತು.

 ಬೀಗತಿ ಜಡೆಯನ್ನು ಉಂಡಿಯ ಬುಟ್ಟಿಯ ಪಕ್ಕ ಇಟ್ಟು, "ಏನಾತವಾ?" ಅಂದರು. ರೇಖಾ ಕುಳಿತಲ್ಲಿಂದಲೇ ಎಲ್ಲವನ್ನೂ ಹೇಳಿದಳು. ಬಿಳಿ ಕೂದಲು, ಬಚ್ಚಲಿನ ಮೆಹಂದಿ, ಗಂಗಾವತಿ, ಎಲ್ಲ. ಕೊನೆಗೆ ಅಂದಳು. "ಪಾರ್ಲರ್‌ನ್ಯಾಕಿ ಎರಡು ಸರ್ತಿ ಕೇಳಿದ್ಳ್ರಿ. ನಾನ ಇಲ್ಲ ಅಂದೆ."

ನಾನು ಅಲ್ಲೇ ಬಾಗಿಲಿಗೆ ಆತು ನಿಂತಿದ್ದೆ. ಮಕ್ಕಳಿಗೆ ದಿನಾ ಸತ್ಯ ಹೇಳಬೇಕೆಂದು ಬೋರ್ಡಿನ ಮೇಲೆ ಬರೆಯುವ ಟೀಚರು. ಬಾಯಿ ತೆರೆಯಲಿಲ್ಲ. ಅಕ್ಕನೇ ಸುಳ್ಳು ಕಲಿಸಿದಳು ಎಂದಾದರೆ ಸಂಬಂಧ ಮುರಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು, ಅಷ್ಟೇ.

ಬೀಗತಿ ಚಹಾ ಕುಡಿಯದೆ ಹೋದರು. ಎಂಟು ದಿನ ಸುದ್ದಿಯಿಲ್ಲ. ಅವ್ವ ಫೋನಿನ ಪಕ್ಕವೇ ಮಲಗುತ್ತಿದ್ದಳು. ಒಂಬತ್ತನೆಯ ದಿನ, ನಾನು ತವರಿಗೆ ಹೋಗಿದ್ದಾಗ, ಅದು ರಿಂಗಾಯಿತು. ಅವರು ಬೈಯಲಿಲ್ಲ, ಕೇಳಿದ್ದು ಒಂದೇ ಮಾತು. "ಇನ್ನೇನರ ಐತೇನ್ರಿ ಹೇಳೂದು?" ಅವ್ವ ಫೋನು ಹಿಡಿದುಕೊಂಡೇ ನನ್ನನ್ನು ನೋಡಿದಳು. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. "ಏನಿಲ್ರಿ" ಅಂದಳು ಅವ್ವ.

ಮದುವೆಯಾಯಿತು. ಸುರಗಿಯಲ್ಲಿ ರೇಖಾಳ ಗಿಡ್ಡ ಗುಂಗುರು ಕೂದಲು ಬಿಳಿ ಎಳೆಗಳ ಸಮೇತ ಎಲ್ಲರ ಮುಂದೆ ಒದ್ದೆಯಾಯಿತು. ಕೆಲವರು ಗುಸುಗುಸು ಮಾಡಿದರು, ಅತ್ತೆ ಮೊದಲ ತಂಬಿಗೆ ತಾವೇ ಹಾಕಿದರು. ಒಳ್ಳೆಯವರೇ. ಆದರೆ ಮನೆಯಲ್ಲಿ ಏನಾದರೂ ಕಳೆದರೆ, ಹಾಲು ಉಕ್ಕಿ ಚೆಲ್ಲಿದರೆ, "ಪಾರ್ಲರ್‌ನ್ಯಾಗ ಹೇಳಿದಂಗ ಹೇಳಬ್ಯಾಡವಾ, ಖರೆ ಹೇಳು" ಎನ್ನುವುದು ಅವರಿಗೆ ರೂಢಿಯಾಯಿತು. ನಗುತ್ತಲೇ ಹೇಳುತ್ತಾರೆ. ಹಬ್ಬಕ್ಕೆ ಹೋದಾಗ ನನ್ನ ಎದುರಿಗೂ ಹೇಳಿದ್ದಾರೆ. ರೇಖಾ ಆಗೆಲ್ಲ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಹನ್ನೆರಡು ವರ್ಷದಿಂದ ನನ್ನ ಸುಳ್ಳನ್ನು ತನ್ನ ಹೆಸರಿನಲ್ಲಿ ಹೊತ್ತುಕೊಂಡಿದ್ದಾಳೆ. ಅವಳ ಕೂದಲು ಈಗ ಸೊಂಟದ ತನಕ ಬಂದಿದೆ.

ಡಬ್ಬಿಯ ಮುಚ್ಚಳ ಬಿಚ್ಚಿತು. ಹುಡುಗಿ ಬ್ರಷ್ಷು ಅದ್ದಿದಳು.

"ಹಚ್ಯಾಳ್ರಿ!" ಅಂದೆ. ನನ್ನ ದನಿ ನನಗೇ ಜೋರೆನಿಸಿತು. "ಹೋದ ತಿಂಗಳ ಕಾಳಿ ಮೆಹಂದಿ ಹಚ್ಯಾಳ. ನಂದ ಪಾಕೀಟು. ನಾನೂ ಹಚ್ಕೋತೀನಿ, ನಂದೂ ತಲಿ ಬೆಳ್ಳಗಾಗೈತಿ."

ಹುಬ್ಬಿನ ಹೆಂಗಸು ತಿರುಗಿ ನೋಡಿದಳು, ನೋಡಲಿ. ಹುಡುಗಿ ಬ್ರಷ್ಷು ಕೆಳಗಿಟ್ಟು, "ಛಲೋ ಆತು ಹೇಳಿದ್ರಿ. ಹಂಗಾರ ಈಗ ಬ್ಯಾಡ್ರಿ, ಮೆಹಂದಿ ಹಚ್ಚಿದ ಕೂದಲಾ ಬೆಳದು ಕತ್ತರಿಸಿ ಹೋಗ್ಲಿ" ಅಂದಳು. ಪಲ್ಲವಿ ಮೈಮೇಲಿನ ಬಟ್ಟೆ ಕಿತ್ತು ನನ್ನ ಕಡೆ ನೋಡದೆ ಹೊರಗೆ ಹೋದಳು.

ಅವಳ ಹಿಂದೆ ಹೋಗಬೇಕಾದ ನಾನು ಫುಟ್‌ಪಾತಿನ ಮೇಲೆ ನಿಂತು ರೇಖಾಳಿಗೆ ಫೋನು ಮಾಡಿದೆ. ಧೈರ್ಯ ಇಳಿಯುವ ಮೊದಲೇ ಹೇಳಬೇಕಿತ್ತು. "ರೇಖಾ, ಅವತ್ತ ಗಂಗಾವತ್ಯಾಗ ಇಲ್ಲ ಅಂದಾಕಿ ನಾನು. ಎರಡು ಸರ್ತೀನೂ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. "ನಂಗ್ಯಾಕ ಹೇಳ್ತಿ ಅಕ್ಕಾ? ಕುರ್ಚ್ಯಾಗ ಕುಂತಾಕಿ ನಾನ ಅಲ್ಲೇನು?" ಅಂದಳು. ಆಮೇಲೆ ಅವಳ ದನಿ ಸಣ್ಣಗಾಯಿತು. "ತಡಿ. ಅತ್ತಿ ಇಲ್ಲೇ ಅದಾರ. ಅವ್ರಿಗೆ ಹೇಳು."

ಬೇಡ ಎನ್ನುವಷ್ಟರಲ್ಲಿ ಫೋನು ಕೈ ಬದಲಾಗಿತ್ತು. "ಯಾರ್ರಿ?" ಅಂದಿತು ಮುದಿ ದನಿ.  ಪಲ್ಲವಿ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು.

"ಅವ್ವಾರ, ನಾನ್ರಿ, ರೇಖಾನ ಅಕ್ಕ. ಪಾರ್ಲರ್‌ನ್ಯಾಗ ಸುಳ್ಳು ಹೇಳಿದಾಕಿ ರೇಖಾ ಅಲ್ರಿ. ಆಕಿ ಬಾಯಿ ತೆಗಿಯೂದ್ರಾಗ ನಾ ಹೇಳಿದ್ನಿ. ಆಕಿ ನನ್ನ ಹೆಸರು ಹೇಳಲಿಲ್ಲ. ನಾನೂ ಸುಮ್ಮನಿದ್ನಿ."

ಪಲ್ಲವಿ ತಿರುಗಿ ನನ್ನನ್ನು ನೋಡಿದಳು. ಆ ಕಡೆ ಕುಕ್ಕರು ಇನ್ನೊಮ್ಮೆ ಕೂಗಿತು. ಆಮೇಲೆ ಮುದಿ ದನಿ, ಹನ್ನೆರಡು ವರ್ಷದ ಹಿಂದೆ ಕೇಳಿದ ಹಾಗೆಯೇ, ನಿಧಾನಕ್ಕೆ ಕೇಳಿತು.

"ಇನ್ನೇನರ ಐತೇನವಾ ಹೇಳೂದು?"

"ಏನಿಲ್ರಿ" ಅಂದೆ. ಈ ಸಲ ನಿಜವಾಗಿಯೂ ಏನೂ ಇರಲಿಲ್ಲ.